ಕರೆಂಟು ಹೋಗದ ಯಂತ್ರ

ನನ್ನ ಏಳು ವರ್ಷದ ಸಂಶೋಧನೆ ಸುಳ್ಳು ಎಂದು ಗೊತ್ತಾದದ್ದು ಫೆಬ್ರುವರಿಯ ಒಂದು ಮಂಗಳವಾರ, ಬೆಳಗಿನ ಹನ್ನೊಂದೂವರೆಗೆ. ಇಂಥ ಸುದ್ದಿ ಬರುವಾಗ ಗುಡುಗು ಸಿಡಿಲು ಏನೂ ಇರುವುದಿಲ್ಲ. ಬಿಸಿಎ ಹುಡುಗರ ಪ್ರಾಕ್ಟಿಕಲ್ ನಡೆಯುತ್ತಿತ್ತು, ಹಿಂದಿನ ಬೆಂಚಿನಿಂದ ಒಬ್ಬ ‘ಮೇಡಂ, ಮೌಸ್ ವರ್ಕ್ ಆಗವಲ್ದುರಿ’ ಎನ್ನುತ್ತಿದ್ದ.

ನಾನು ಸಮತಾ. ಕೂಡ್ಲಿಗಿಯ ಹೊರಗಿನ ಒಂದು ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದ ಅತಿಥಿ. ಹನ್ನೊಂದು ವರ್ಷ ಉಳಿದವಳನ್ನು ನಮ್ಮ ಕಡೆ ಯಾರೂ ಅತಿಥಿ ಎನ್ನುವುದಿಲ್ಲ, ಮನೆಯವಳೇ ಎನ್ನುತ್ತಾರೆ. ಆದೇಶದ ಕಾಗದಕ್ಕೆ ಮಾತ್ರ ಅದು ತಿಳಿಯುವುದಿಲ್ಲ. ಬರುವ ವರ್ಷದಿಂದ ಅರ್ಹತಾ ಪರೀಕ್ಷೆಯನ್ನಾಗಲಿ ಪಿಎಚ್‌ಡಿಯನ್ನಾಗಲಿ ಮುಗಿಸದವರ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ ಎಂದು ನಮಗೆ ತಿಳಿಸಿದ್ದರು. ಪರೀಕ್ಷೆಯಲ್ಲಿ ನಾನು ಎರಡು ಸಲ ಕೂದಲೆಳೆಯಲ್ಲಿ ಬಿದ್ದವಳು. ಉಳಿದದ್ದು ಪಿಎಚ್‌ಡಿ ಒಂದೇ. ಅದರ ನೋಂದಣಿಗೆ ಸಿಗಬೇಕಾದ ವಾಯಿದೆಗಳೆಲ್ಲ ಸಿಕ್ಕು ಮುಗಿದಿದ್ದವು. ಕೊನೆಯ ದಿನ ಮಾರ್ಚ್ ಮೂವತ್ತೊಂದು. ಅಂದು ಸಂಜೆಯೊಳಗೆ ಪ್ರಬಂಧ ಒಪ್ಪಿಸಿದರೆ ಉಳಿದೆ, ಇಲ್ಲದಿದ್ದರೆ ಏಳು ವರ್ಷವೂ ಹೋಯಿತು, ಕೆಲಸವೂ ಹೋಯಿತು.

ಯಾವುದರ ಮೇಲೆ ಸಂಶೋಧನೆ ಎಂದು ಅವ್ವ ಒಮ್ಮೆ ಕೇಳಿದ್ದಳು. ಅವ್ವ ಹುಲುಗಮ್ಮ, ಗುಡೇಕೋಟೆಯ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ, ಗೈಡ್ ಮುಂದೆ ಹೇಳಿದ್ದಕ್ಕಿಂತ ಅದೇ ಚೆನ್ನಾಗಿತ್ತು. ಕಣ್ಣು ಕಟ್ಟಿ ನಿನ್ನನ್ನು ನಮ್ಮೂರ ಗುಡ್ಡದ ಮೇಲೆ ಬಿಟ್ಟರೆ ಹೇಗೆ ಇಳಿಯುತ್ತಿ? ಕಾಲಲ್ಲಿ ತಡಕಿ ನೋಡಿ, ಎತ್ತ ಇಳಿಜಾರೋ ಅತ್ತ ಒಂದು ಸಣ್ಣ ಹೆಜ್ಜೆ. ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸುವವರು ಬಹುಪಾಲು ಮಾಡುವುದು ಇಷ್ಟೇ. ಆದರೆ ಆ ಇಳಿಜಾರು ಮುಂದೆ ಎಲ್ಲಿ ಬಾಗುತ್ತದೆ, ಎಲ್ಲಿ ಕಡಿದಾಗುತ್ತದೆ ಎಂಬುದೂ ತಿಳಿದಿದ್ದರೆ ದೊಡ್ಡ ಹೆಜ್ಜೆ ಹಾಕಿ ಬೇಗ ಇಳಿಯಬಹುದು. ಆ ಬಾಗನ್ನು ಲೆಕ್ಕ ಹಾಕಿಕೊಂಡು ಇಳಿಯುವುದಕ್ಕೆ ಸೆಕೆಂಡ್ ಆರ್ಡರ್ ವಿಧಾನ ಎನ್ನುತ್ತಾರೆ. ತೊಂದರೆ ಏನೆಂದರೆ, ಲಕ್ಷ ಸಂಖ್ಯೆಗಳನ್ನು ತಿದ್ದಬೇಕಾದ ಯಂತ್ರಕ್ಕೆ ಬಾಗಿನ ಲೆಕ್ಕ ಲಕ್ಷಕ್ಕೆ ಲಕ್ಷದ ಕೋಷ್ಟಕವಾಗುತ್ತದೆ. ನಮ್ಮ ಲ್ಯಾಬಿನ ಯಂತ್ರಗಳು ಅದನ್ನು ನೋಡಿದರೇ ಸಾಯುತ್ತವೆ. ಅದನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಹಳೆಯ ಲೆಕ್ಕವನ್ನು ನೆನಪಿಟ್ಟುಕೊಂಡು, ಬಡವರ ಕಂಪ್ಯೂಟರಿನಲ್ಲೂ ನಡೆಯುವಷ್ಟು ಅಗ್ಗ ಮಾಡುವುದು ನನ್ನ ಕೆಲಸ. ಅದೂ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್‌ನಲ್ಲಿ. ಅಂದರೆ ಪಾಠ ಹೇಳುವವರಿಲ್ಲದೆ, ಬಿದ್ದು ಎದ್ದು, ಸರಿಯಾಗಿ ಮಾಡಿದಾಗ ಸಿಗುವ ಅಂಕವೊಂದರಿಂದಲೇ ಕಲಿಯುವ ಯಂತ್ರಗಳಲ್ಲಿ. ಅಲ್ಲಿ ಇನ್ನೊಂದು ಪೇಚು. ನೀನು ನಡೆದಂತೆಲ್ಲ ಗುಡ್ಡವೇ ಆಕಾರ ಬದಲಿಸುತ್ತದೆ.

‘ಗುಡ್ಡ ಬದಲಾಗೂದಾದ್ರ ಹಳೇ ದಾರಿ ನೆನಪಿಟ್ಕೊಂಡು ಏನ್ ಮಾಡ್ತಿ ಯವ್ವಾ?’ ಎಂದು ಅವ್ವ ಅಕ್ಕಿ ಆರಿಸತೊಡಗಿದಳು. ಏಳು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿದ ಅತಿ ಒಳ್ಳೆಯ ಪ್ರಶ್ನೆ ಅದು. ನಾನು ನಕ್ಕು, ಅದಕ್ಕೆಲ್ಲ ಲೆಕ್ಕ ಇರುತ್ತದೆ ಎಂದು ದೊಡ್ಡಸ್ತಿಕೆ ಮಾಡಿದೆ.

ನಮ್ಮ ಲ್ಯಾಬಿನಲ್ಲಿ ನನ್ನ ಪ್ರಯೋಗಕ್ಕೆಂದು ಬಿಟ್ಟದ್ದು ಆರು ಹಳೆಯ ಯಂತ್ರ. ಕಾಲೇಜು ಹೊಲಗಳ ನಡುವೆ ಇರುವುದರಿಂದ ಕರೆಂಟು ಪಂಪ್‌ಸೆಟ್ಟಿನ ಲೈನಿನಲ್ಲಿ ಬರುತ್ತದೆ, ಆ ಲೈನಿನ ಮರ್ಜಿಯಲ್ಲೇ ಹೋಗುತ್ತದೆ. ಬಂದರೆ ನಾಲ್ಕು ತಾಸು, ಐದು ತಾಸು. ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ಕಾಲವಾಯಿತೆಂದು ಯಾರಿಗೂ ನೆನಪಿಲ್ಲ. ನನ್ನ ಪ್ರಯೋಗಗಳೋ, ಒಂದೊಂದು ಹತ್ತು ದಿನ ಓಡಬೇಕು. ಹೀಗಾಗಿ ಕರೆಂಟು ಬಂದಾಗಲೆಲ್ಲ ಆರೂ ಯಂತ್ರ ಹಚ್ಚಿ, ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಸುವವರು ಒಬ್ಬರು ಬೇಕಿತ್ತು. ಅವರೇ ಕೊಟ್ರಬಸಪ್ಪ.

ಕೊಟ್ರಬಸಪ್ಪ ನಮ್ಮ ಲ್ಯಾಬ್ ಅಟೆಂಡರ್. ನಿವೃತ್ತಿಗೆ ಏಳೆಂಟು ತಿಂಗಳು ಉಳಿದಿತ್ತು. ಅವ್ವನ ತವರು ಕೇರಿಯವರು, ವರಸೆಯಲ್ಲಿ ನನಗೆ ಮಾವ. ಕಾಲೇಜಿನ ಗೇಟಿನ ಹೊರಗೆ ನಾನು ಅವರಿಗೆ ‘ಸಮತವ್ವ’, ಗೇಟಿನ ಒಳಗೆ ‘ಮೇಡಂ’. ಎಷ್ಟು ಹೇಳಿದರೂ ಬದಲಾಯಿಸಲಿಲ್ಲ. ‘ನಮ್ಮ ಕೇರಿ ಹುಡುಗಿಗೆ ಮೇಡಂ ಅನ್ನಾಕ ನಮ್ಮಪ್ಪಗ ಸಿಗಲಿಲ್ಲ, ನನಗ ಸಿಕ್ಕೈತಿ, ಬಿಡ್ತೀನೇನ್ರಿ?’ ಎನ್ನುತ್ತಿದ್ದರು. ಮನೆ ಕಾಲೇಜಿನ ಹಿಂದೆಯೇ. ಮನೆಯಲ್ಲಿ ಫ್ಯಾನು ತಿರುಗಿತೆಂದರೆ ತಟ್ಟೆ ಬಿಟ್ಟು ಎದ್ದು ಬರುತ್ತಿದ್ದರು. ಭಾನುವಾರವೂ ಬಂದರು, ಹಬ್ಬದ ದಿನವೂ ಬಂದರು. ಲಾಕ್‌ಡೌನಿನಲ್ಲಿ ಊರೇ ಬಾಗಿಲು ಹಾಕಿಕೊಂಡಿದ್ದಾಗ ಮೂಗಿಗೆ ಟವೆಲ್ ಸುತ್ತಿಕೊಂಡು ಒಬ್ಬರೇ ಬಂದು ಹಚ್ಚಿ ಹೋಗುತ್ತಿದ್ದರು. ಕರೆಂಟು ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಸಣ್ಣಕ್ಷರದಲ್ಲಿ ಬರೆದಿಡುವುದು ಅವರೇ ಮಾಡಿಕೊಂಡ ಪದ್ಧತಿ.

ಪ್ರಯೋಗದ ಪರದೆಯ ಮೇಲೆ ನಾಲ್ಕು ಕಾಲಿನ ಒಂದು ಆಕೃತಿ ನಡೆಯುವುದನ್ನು ಕಲಿಯುತ್ತದೆ. ಮೊದಲು ಬೀಳುತ್ತದೆ, ತೆವಳುತ್ತದೆ, ಆಮೇಲೆ ಏಳುತ್ತದೆ. ಜಗತ್ತಿನಲ್ಲಿ ಅದಕ್ಕೆ ಏನೇನೋ ಹೆಸರಿವೆ, ಕೊಟ್ರಬಸಪ್ಪ ಮಾವ ಅದಕ್ಕೆ ಟಗರು ಎನ್ನುತ್ತಿದ್ದರು. ನನ್ನ ಟಗರು ಸಾಮಾನ್ಯ ವಿಧಾನದ ಟಗರಿಗಿಂತ ಅರ್ಧ ಸಮಯದಲ್ಲಿ ನಡೆಯುವುದನ್ನು ಕಲಿಯಿತು. ಒಂದು ಸಲವಲ್ಲ, ನಲವತ್ತು ಸಲ. ಲೇಖನ ಅಚ್ಚಾಯಿತು. ಆ ವರ್ಷ ಕೇರಿಯಲ್ಲಿ ಮಾಡಿದ ಏಪ್ರಿಲ್ ಹದಿನಾಲ್ಕರ ಜಯಂತಿಯ ಆಹ್ವಾನ ಪತ್ರಿಕೆಯಲ್ಲಿ ಮಾವ ನನ್ನ ಹೆಸರಿನ ಹಿಂದೆ ‘ಡಾ.’ ಹಾಕಿಸಿಬಿಟ್ಟಿದ್ದರು. ನಾನು ರೇಗಿದೆ. ‘ಇವತ್ತಲ್ಲ ನಾಳೆ ಆಗೂದ ಐತಲ್ಲ’ ಎಂದರು. ನಿಜ ಹೇಳುತ್ತೇನೆ, ಆ ಪತ್ರಿಕೆಯನ್ನು ನಾನು ಎಸೆಯಲಿಲ್ಲ.

ನನ್ನ ಗೈಡ್ ವೀರಭದ್ರಯ್ಯ ಸರ್ ಹರಪನಹಳ್ಳಿಯವರು. ಒಳ್ಳೆಯವರು, ಬಳಲಿದವರು. ಪ್ರಬಂಧದ ಕರಡು ಓದಿ, ‘ಎಲ್ಲಾ ಪ್ರಯೋಗ ಒಂದೇ ಲ್ಯಾಬಲ್ಲಿ ಮಾಡಿದೀಯಮ್ಮ. ಹೊರಗಿನೋರು ಕೇಳ್ತಾರೆ. ಒಂದು ದೊಡ್ಡ ಸರ್ವರ್ ಮೇಲೆ ಐದು ಸಲ ಓಡಿಸಿ ಗ್ರಾಫ್ ಹಚ್ಚಿಬಿಡು, ಬಾಯಿ ಮುಚ್ಚಿಕೊಂತಾರೆ’ ಎಂದರು. ಗೆಳೆಯರೊಬ್ಬರಿಗೆ ಹೇಳಿ ಒಂದು ವಾರಕ್ಕೆ ಸರ್ವರ್ ಕೊಡಿಸಿದರು. ಕೂಡ್ಲಿಗಿಯಲ್ಲಿ ಕೂತೇ ಅದನ್ನು ಓಡಿಸಬಹುದಿತ್ತು. ಅದಕ್ಕೆ ಎರಡೆರಡು ಜನರೇಟರ್ ಕಾವಲಿದ್ದವು, ಕರೆಂಟು ಹೋಗುವ ಮಾತೇ ಇಲ್ಲ. ಶನಿವಾರ ಹಚ್ಚಿದೆ. ಐದೂ ಟಗರುಗಳು ಚೆನ್ನಾಗಿಯೇ ಎದ್ದವು. ಭಾನುವಾರ ನಮ್ಮವಕ್ಕಿಂತ ಚುರುಕಾಗಿ ನಡೆದವು. ಸೋಮವಾರ ಒಂದು ಕುಂಟಿತು. ಮಂಗಳವಾರ ನೋಡಿದರೆ ಐದೂ ಬೆನ್ನ ಮೇಲೆ ಬಿದ್ದು ಕಾಲು ನಡುಗಿಸುತ್ತಿದ್ದವು. ಅಂಕದ ಗೆರೆ ಸೊನ್ನೆಗಿಂತ ಕೆಳಗಿಳಿದು ಅಲ್ಲೇ ಇತ್ತು. ಕಲಿತದ್ದೆಲ್ಲ ಹೋಗಿತ್ತು.

ಅದೇ ವಿಧಾನ, ಅದೇ ಪ್ರೋಗ್ರಾಂ. ಬದಲಾದದ್ದು ಎರಡೇ, ಯಂತ್ರ ಮತ್ತು ಹಚ್ಚುವ ಕೈ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕೊಟ್ರಬಸಪ್ಪ ಮಾವ ಬಟ್ಟೆ ಹಿಡಿದು ಕೀಬೋರ್ಡುಗಳ ಧೂಳು ಒರೆಸುತ್ತಿದ್ದರು. ಇಪ್ಪತ್ತೆರಡು ಹುಡುಗರ ಮುಂದೆ ತಿರುಗಿ ಕೇಳಿಬಿಟ್ಟೆ.

‘ಇಷ್ಟು ವರ್ಷ ಏನ್ ಒತ್ತಿದ್ರಿ ನೀವು? ನಾ ಹೇಳಿದ್ದ ಒತ್ತಿದ್ರೋ, ಕೈಗೆ ಸಿಕ್ಕಿದ್ದ ಒತ್ತಿದ್ರೋ?’

ಅವರು ಬಟ್ಟೆ ಹಿಡಿದೇ ನಿಂತರು. ‘ನೀವ್ ಹೇಳಿದ್ದ ಒತ್ತೀನ್ರಿ ಮೇಡಂ’ ಎಂದರು. ಆಮೇಲೆ, ಇನ್ನೂ ಸಣ್ಣ ದನಿಯಲ್ಲಿ, ‘ಒತ್ತೀನಿ ಅಂತ ಅನ್ಕೊಂಡೀನ್ರಿ’ ಎಂದರು. ಹುಡುಗರಲ್ಲಿ ಒಬ್ಬ ನಕ್ಕ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನಗೆ ಆ ಗಳಿಗೆಯಲ್ಲಿ ಮಾತೂ ಕಾಣಲಿಲ್ಲ, ಮುತ್ತೂ ಕಾಣಲಿಲ್ಲ, ಬಿದ್ದ ಐದು ಟಗರು ಮಾತ್ರ ಕಾಣುತ್ತಿದ್ದವು.

ತಪ್ಪು ಸಿಗಲು ನಾಲ್ಕು ದಿನ ಹಿಡಿಯಿತು. ಸಿಕ್ಕಿದ್ದು ಮಾವನ ಕ್ಯಾಲೆಂಡರಿನಿಂದ. ನಮ್ಮ ಲ್ಯಾಬಿನ ಹಳೆಯ ಗ್ರಾಫುಗಳನ್ನು ದೊಡ್ಡದು ಮಾಡಿ ನೋಡಿದಾಗ ಗೆರೆ ಸಣ್ಣ ಸಣ್ಣ ಗರಗಸದ ಹಲ್ಲಿನಂತಿತ್ತು. ಏರುವುದು, ಸ್ವಲ್ಪ ಜಾರುವುದು, ಮತ್ತೆ ಥಟ್ಟನೆ ಏರುವುದು. ಯಾವ ಯಾವ ಹೊತ್ತಿಗೆ ಮತ್ತೆ ಏರಿದೆ ಎಂದು ಬರೆದುಕೊಂಡೆ. ಆ ಹೊತ್ತುಗಳೆಲ್ಲ ಕ್ಯಾಲೆಂಡರಿನ ಚೌಕಗಳಲ್ಲಿ ಮೊದಲೇ ಬರೆದಿದ್ದವು. ಒಂದೂ ತಪ್ಪಿರಲಿಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ನನ್ನ ಟಗರು ಸುಧಾರಿಸಿತ್ತು.

ಕರೆಂಟು ಹೋದರೂ ಕಲಿತದ್ದು ಕಳೆಯಬಾರದೆಂದು ಪ್ರೋಗ್ರಾಂ ಆಗಾಗ ಎಲ್ಲವನ್ನೂ ಡಿಸ್ಕಿಗೆ ಉಳಿಸುವಂತೆ ಮಾಡಿದ್ದೆ. ಕಲಿತ ಸಂಖ್ಯೆಗಳದು ಚಿಕ್ಕ ಫೈಲು. ಗುಡ್ಡದ ಬಾಗಿನ ನೆನಪು ಇದೆಯಲ್ಲ, ಅದು ದೊಡ್ಡ ಫೈಲು. ಅದನ್ನು ಬರೆಯುತ್ತಿರುವಾಗಲೇ ಕರೆಂಟು ಹೋಗಿ ಎರಡು ಸಲ ಫೈಲು ಕೆಟ್ಟು, ತಿಂಗಳ ಕೆಲಸ ಹಾಳಾಗಿತ್ತು. ಆ ಸಿಟ್ಟಿನಲ್ಲಿ, ಐದು ವರ್ಷದ ಹಿಂದೆ ಒಂದು ಮಧ್ಯಾಹ್ನ, ನೆನಪನ್ನು ಉಳಿಸುವ ಆ ಒಂದು ಸಾಲನ್ನು ನಾನೇ ತೆಗೆದುಹಾಕಿದ್ದೆ. ಪಕ್ಕದಲ್ಲಿ ‘ಆಮೇಲೆ ಹಾಕಬೇಕು’ ಎಂದು ಬರೆದಿದ್ದೆ. ತಾರೀಖೂ ಇದೆ. ಹಾಕಲಿಲ್ಲ, ಮರೆತೆ.

ಅಲ್ಲಿಂದ ಮುಂದೆ ಕರೆಂಟು ಹೋದಾಗಲೆಲ್ಲ ಯಂತ್ರ ಬಾಗಿನ ನೆನಪನ್ನೆಲ್ಲ ಕಳೆದುಕೊಂಡು ಹೊಸದಾಗಿ ಶುರುಮಾಡುತ್ತಿತ್ತು. ಬದಲಾಗಿಹೋದ ಗುಡ್ಡದ ಹಳೆಯ ನೆನಪು ನಾಲ್ಕೈದು ತಾಸಿಗಿಂತ ಹೆಚ್ಚು ಕೂಡಿಬೀಳುತ್ತಲೇ ಇರಲಿಲ್ಲ. ಸರ್ವರಿನಲ್ಲಿ ಅಳಿಸುವವರು ಇರಲಿಲ್ಲ. ಮೂರು ದಿನದ ಹಳಸಲು ನೆನಪು ಕೂಡಿ ಟಗರನ್ನು ಬೀಳಿಸಿತು. ನನ್ನ ವಿಧಾನ ನಡೆಯುತ್ತಿದ್ದದ್ದು ಅದು ಒಳ್ಳೆಯದೆಂದಲ್ಲ, ನಮ್ಮ ಲೈನು ಕೆಟ್ಟದ್ದೆಂದು. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಕೂತವಳು ಈ ತಪ್ಪು ಮಾಡಲು ಸಾಧ್ಯವೇ ಇರಲಿಲ್ಲ, ಮಾಡಿದರೂ ಮೊದಲ ವಾರವೇ ಗೊತ್ತಾಗುತ್ತಿತ್ತು. ನನಗೆ ಐದು ವರ್ಷ ಬೇಕಾಯಿತು.

ಮುಳುಗುವವಳು ಹುಲ್ಲುಕಡ್ಡಿ ಬಿಡುವುದಿಲ್ಲ. ಹಾಗಾದರೆ ಆಗಾಗ ಮರೆಯುವುದನ್ನೇ ನನ್ನ ವಿಧಾನ ಎನ್ನೋಣ ಎಂದುಕೊಂಡೆ. ನ್ಯಾಯವಾಗಿ ನೋಡಬೇಕಲ್ಲ, ಸಾಮಾನ್ಯ ವಿಧಾನಕ್ಕೂ ಅಷ್ಟೇ ಮರೆವು ಕೊಟ್ಟು ಓಡಿಸಿದೆ. ಅದರ ನೆನಪಿನ ಫೈಲು ಚಿಕ್ಕದಾಗಿದ್ದರಿಂದ ಈ ಐದು ವರ್ಷ ನಾನು ಅದನ್ನು ಪೂರ್ತಿಯಾಗಿ ಉಳಿಸುತ್ತ ಬಂದಿದ್ದೆ, ಕರೆಂಟು ಎಷ್ಟು ಸಲ ಹೋದರೂ ಪಾಪ, ಅದಕ್ಕೆ ಮರೆಯುವ ಭಾಗ್ಯ ಇರಲಿಲ್ಲ. ಈಗ ಸಿಕ್ಕಿತು. ಒಂದೇ ವಾರದಲ್ಲಿ ನನ್ನ ಟಗರಿನ ಸರಿಸಮ ನಡೆಯಿತು. ಲೆಕ್ಕದ ಹೊರೆ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಸೆಕೆಂಡ್ ಆರ್ಡರ್ ಎಂದು ನಾನು ಏಳು ವರ್ಷ ಕಟ್ಟಿದ್ದರಲ್ಲಿ ಉಪಯೋಗದ್ದು ಒಂದು ಚೂರೂ ಇರಲಿಲ್ಲ. ಮರೆತರೆ ಒಳ್ಳೆಯದಾಗುತ್ತದೆ ಎಂಬುದನ್ನಾದರೂ ಬರೆಯೋಣವೆಂದು ಹುಡುಕಿದರೆ, ಅದನ್ನು ಯಾರೋ ಆಗಲೇ ಬರೆದು ಮುಗಿಸಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಮಡಕೆ ಮಾಡಿದವಳೂ ನಾನೇ, ದೊಣ್ಣೆ ಹಿಡಿದವಳೂ ನಾನೇ.

ಅಳು ಬರಲಿಲ್ಲ. ಊಟ ಮಾಡಿದೆ, ಪಾಠ ಮಾಡಿದೆ, ಹಾಜರಿ ಕರೆದೆ. ಎದೆಯಲ್ಲಿ ಏನೋ ಕಲ್ಲು ಕೂತಂತೆ ಎಂದೆಲ್ಲ ಓದಿದ್ದೆ, ಹಾಗೂ ಆಗಲಿಲ್ಲ. ನಾನು ದಡ್ಡಿ ಎಂಬ ಒಂದೇ ಮಾತು ಬೆಳಗಿನಿಂದ ಸಂಜೆಯವರೆಗೆ ತಲೆಯಲ್ಲಿ ಓಡುತ್ತಿತ್ತು. ನಾನು ದಡ್ಡಿ ಎನ್ನುವುದು ಕೆಲವರಿಗೆ ಬರೀ ಬೈಗುಳ. ನಮ್ಮ ಕೇರಿಯ ಹುಡುಗಿಗೆ ಅದು ಬರೀ ಬೈಗುಳವಲ್ಲ, ಅಜ್ಜನ ಕಾಲದಿಂದ ಮಂದಿ ನಮಗೆ ಹೇಳುತ್ತ ಬಂದದ್ದು. ಅವರು ಗೆದ್ದರು ಎನ್ನಿಸಿತು.

ಮಾರ್ಚ್ ಎರಡನೇ ವಾರ ಪ್ರಿನ್ಸಿಪಾಲರು ಕರೆಸಿ ಒಂದು ಕಾಗದ ಕೈಗಿಟ್ಟರು. ಮಾವನ ಮಗಳು ಸಂಗೀತಾಳ ಗುಂಡಗಿನ ಅಕ್ಷರ, ಕೆಳಗೆ ಮಾವನ ಸಹಿ. ‘ಸಮತಾ ಮೇಡಂ ಅವರ ಕಂಪ್ಯೂಟರುಗಳನ್ನು ಚಾಲೂ ಮಾಡುವ ಕಾಲಕ್ಕೆ ನನ್ನ ಅಜ್ಞಾನದಿಂದ ತಪ್ಪು ಗುಂಡಿ ಒತ್ತಿರುತ್ತೇನೆ. ಆದ್ದರಿಂದ ಅವರ ಪರೀಕ್ಷೆ ಕೆಟ್ಟಿರುತ್ತದೆ. ಇದರಲ್ಲಿ ಮೇಡಂ ಅವರ ತಪ್ಪು ಏನೂ ಇರುವುದಿಲ್ಲ. ತಾವು ಕೊಡುವ ಶಿಕ್ಷೆಗೆ ಬದ್ಧನಿರುತ್ತೇನೆ.’

‘ನಾ ಇದನ್ನ ನೋಡಿಲ್ಲ ಅನ್ಕೋರಿ,’ ಎಂದರು ಪ್ರಿನ್ಸಿಪಾಲರು. ‘ನಿಮ್ಮ ಗೈಡಿಗೆ ತೋರಸ್ರಿ. ಉಪಯೋಗ ಆದೀತು.’

ಕಾಗದ ಹಿಡಿದು ನೇರ ಲ್ಯಾಬಿಗೆ ಹೋದೆ. ‘ಇದೇನ್ ಮಾವಾ? ಆವತ್ತು ಸಿಟ್ಟಿನಾಗ ಅಂದೆ. ತಪ್ಪು ನಂದು. ನನ್ನ ಪ್ರೋಗ್ರಾಮಿಂದು. ನೀವು ಸರಿಯಾಗೇ ಒತ್ತೀರಿ.’

‘ನೀವು ದೊಡ್ಡ ಮನಸ್ಸಿನೋರು, ಹಂಗ ಅಂತೀರಿ.’

‘ದೊಡ್ಡ ಮನಸ್ಸಲ್ರಿ, ಖರೇನ ಹೇಳಾಕತ್ತೀನಿ.’

‘ಏಳು ವರ್ಷ ಓದಿದೋರು ತಪ್ಪು ಮಾಡ್ತಾರೋ, ಎಸ್ಸೆಸ್ಸೆಲ್ಸಿ ಫೇಲಾದಾಂವ ತಪ್ಪು ಮಾಡ್ತಾನೋ? ಯಾರನ್ನಾರ ಕೇಳ್ರಿ ಮೇಡಂ,’ ಎಂದು ಅವರು ಕುರ್ಚಿಗಳನ್ನು ಸಾಲು ಮಾಡತೊಡಗಿದರು. ವಾದ ಮುಗಿಯಿತು ಎನ್ನುವಂತೆ.

ಶನಿವಾರ ಕೊಟ್ಟೂರು ಮೇಲೆ ಹಾದು ಹರಪನಹಳ್ಳಿಗೆ ಹೋದೆ. ಬಸ್ಸಿನಲ್ಲಿ ಪ್ರಬಂಧದ ಕರಡು ತೊಡೆಯ ಮೇಲೆ, ಪತ್ರ ಬ್ಯಾಗಿನಲ್ಲಿ. ವೀರಭದ್ರಯ್ಯ ಸರ್ ಎಲ್ಲವನ್ನೂ ಕೇಳಿದರು. ಕೊನೆಗೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

‘ಇದನ್ನ ಹಿಂಗೇ ಒಪ್ಪಿಸೋಕೆ ಆಗಲ್ಲ. ಆಗುತ್ತೆ ಅಂದ್ರೂ ನೀನು ಒಪ್ಪಿಸಲ್ಲ, ನಿನ್ನ ನೋಡಿದೀನಿ. ಈಗಿರೋದು ಒಂದೇ ದಾರಿ. ಅಭ್ಯರ್ಥಿ ತಪ್ಪಿಲ್ಲದೆ ಪ್ರಯೋಗ ಹಾಳಾಗಿದ್ರೆ ಸಮಿತಿ ಇನ್ನೊಂದು ವರ್ಷ ಕೊಡುತ್ತೆ, ಅಲ್ಲೀವರೆಗೆ ಕಾಲೇಜಿನ ಪಟ್ಟೀಲೂ ಹೆಸರು ಇಟ್ಕೊಂತಾರೆ. ಅದಕ್ಕೆ ದಾಖಲೆ ಬೇಕು.’ ಪತ್ರವನ್ನು ಬೆರಳಿನಿಂದ ತಟ್ಟಿದರು. ‘ಇದು ದಾಖಲೆ.’

‘ಇದು ಸುಳ್ಳು ಸರ್.’

‘ಬರೆದೋನೇ ನಿಜ ಅಂತ ನಂಬಿದಾನೆ.’

‘ಅವರಿಗೆ ಏನಾಗುತ್ತೆ?’

‘ಒಂದು ಮೆಮೊ ಕೊಟ್ಟಾರು. ಒಂದು ವಿಚಾರಣೆ ಆದೀತು. ನಿವೃತ್ತಿ ಹತ್ರ ಇರೋನಿಗೆ ಯಾರೂ ಜಾಸ್ತಿ ಏನೂ ಮಾಡಲ್ಲ.’ ಕನ್ನಡಕ ಮತ್ತೆ ಹಾಕಿಕೊಂಡು, ‘ಮಾಡಲ್ಲ ಅಂತ ಖಾತ್ರಿ ಕೊಡೋಕೂ ಆಗಲ್ಲಮ್ಮ’ ಎಂದರು. ‘ಒಂದು ವರ್ಷದಾಗೆ ಸಣ್ಣದೊಂದು ಕೆಲಸ ಮಾಡು. ಬಂಗಾರ ಯಾರೂ ಕೇಳಲ್ಲ. ನಿನ್ನ ಹೆಸರು ಪಟ್ಟೀಲಿ ಉಳೀಬೇಕು, ಅಷ್ಟೇ. ಸೋಮವಾರದೊಳಗೆ ಹೇಳು.’

ನಾನು ಬಸ್ ಸ್ಟ್ಯಾಂಡಿನಲ್ಲಿ ಕೂತೆ. ಕೊಟ್ಟೂರಿನ ಎರಡು ಬಸ್ಸು ಬಿಟ್ಟೆ. ಸುಳ್ಳು ಹೇಳುವುದಿಲ್ಲ, ಪತ್ರ ಕೊಡಬೇಕೆಂದೇ ಅನ್ನಿಸಿತ್ತು. ಯಾಕೆ ಕೊಡಬಾರದು? ಅವರೇ ಬರೆದುಕೊಟ್ಟದ್ದು. ನಾಳೆ ನನ್ನ ಹೆಸರಿನ ಹಿಂದೆ ಆ ‘ಡಾ.’ ಬಂದರೆ ಅತಿ ಹೆಚ್ಚು ಖುಷಿಪಡುವವರೂ ಅವರೇ. ಅವ್ವನಿಗೆ ಹೇಳುವ ಮಾತನ್ನು ಕೂಡ ಜೋಡಿಸಿಕೊಂಡೆ. ಎದ್ದು ಸರ್ ಮನೆಯ ಕಡೆ ಅರ್ಧ ದಾರಿ ನಡೆದೆ.

ಆಮೇಲೆ ನಿಂತುಬಿಟ್ಟೆ. ಪುಣ್ಯಾತ್ಗಿತ್ತಿ ಎಂದುಕೊಳ್ಳಬೇಡಿ, ಹೊಟ್ಟೆಕಿಚ್ಚಿನಿಂದ ನಿಂತೆ. ಏಳು ವರ್ಷದ ಕೆಲಸದಲ್ಲಿ ನಿಜವೆಂದು ನಾನು ಎದೆ ತಟ್ಟಿ ಹೇಳಬಹುದಾದದ್ದು ಈಗ ಒಂದೇ ಉಳಿದಿತ್ತು, ತಪ್ಪು ನನ್ನದು ಎಂಬುದು. ನಾನೇ ಹುಡುಕಿದ್ದು, ನಾನೇ ಸಾಬೀತು ಮಾಡಿದ್ದು. ಅದನ್ನೂ ಇನ್ನೊಬ್ಬರ ಹೆಸರಿಗೆ ಬರೆದುಕೊಟ್ಟರೆ ನನ್ನದು ಎನ್ನಲು ಏನಿರುತ್ತದೆ? ಪತ್ರವನ್ನು ಅಲ್ಲೇ ಹರಿದೆ. ಹರಿದ ಮರುಗಳಿಗೆಯಲ್ಲೇ ಯಾಕೆ ಹರಿದೆನೋ ಎನ್ನಿಸಿತು. ಅದು ಇವತ್ತಿಗೂ ಅನ್ನಿಸುತ್ತದೆ.

ಮಾರ್ಚ್ ಮೂವತ್ತೊಂದು ಬಂತು, ಹೋಯಿತು. ಅಂದು ನಾನು ಇಂಟರ್ನಲ್ ಪರೀಕ್ಷೆಯ ಉಸ್ತುವಾರಿಯಲ್ಲಿದ್ದೆ. ಹೊಸ ಪಟ್ಟಿ ಬಂದಾಗ ನನ್ನ ಹೆಸರಿನ ಜಾಗದಲ್ಲಿ ಹಡಗಲಿ ಕಡೆಯ ಯಾರದೋ ಹೆಸರಿತ್ತು. ಅವ್ವನಿಗೆ ಹೇಳಿದೆ. ಅವಳು ‘ಉಂಡಿಯಾ?’ ಎಂದಳು.

ಲ್ಯಾಬಿನ ಕೀಲಿ ಒಪ್ಪಿಸಲು ಹೋದ ದಿನ ಕೊಟ್ರಬಸಪ್ಪ ಮಾವ ಒಬ್ಬರೇ ಇದ್ದರು. ಹುಡುಗರಿಗೆ ರಜೆ. ನನ್ನನ್ನು ನೋಡಿ ಎದ್ದು ನಿಂತರು.

‘ಚೀಟಿ ಏನಾತ್ರಿ ಮೇಡಂ? ಒಪ್ಪಲಿಲ್ಲೇನ್ರಿ ಅವ್ರು?’

‘ನಾ ಕೊಡಲಿಲ್ಲ ಮಾವಾ. ಹರಿದು ಹಾಕಿದೆ.’

ಅವರಿಗೆ ಸಿಟ್ಟು ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. ‘ಅಷ್ಟರ ನನ್ನ ಕೈಲೆ ಆಗ್ತಿತ್ತಲ್ರಿ. ಕೆಡಿಸಿದಾಂವಗ ಒಂದೀಟು ಸರಿ ಮಾಡಾಕೂ ಬಿಡಲಿಲ್ಲ ನೀವು.’

ನನಗೆ ತಡೆಯಲಾಗಲಿಲ್ಲ. ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಮಾರ್ಕರ್ ತೆಗೆದುಕೊಂಡು ಬೋರ್ಡಿನ ಮೇಲೆ ಎಲ್ಲವನ್ನೂ ಮೊದಲಿಂದ ಬರೆದೆ. ಗುಡ್ಡ, ಬಾಗು, ನೆನಪು, ಎರಡು ಫೈಲು, ನಾನು ತೆಗೆದ ಸಾಲು, ಆ ತಾರೀಖು. ಏಳು ವರ್ಷದಲ್ಲಿ ಅಷ್ಟು ಚೆನ್ನಾಗಿ ನಾನು ಯಾರಿಗೂ ಪಾಠ ಮಾಡಿರಲಿಲ್ಲ. ಅವರು ಕದಲದೆ ಕೇಳಿದರು. ನಡುವೆ ಎರಡು ಕಡೆ ಸರಿಯಾದ ಪ್ರಶ್ನೆ ಕೇಳಿದರು. ಮುಗಿದಾಗ ತಲೆಯಾಡಿಸಿದರು. ಅರ್ಥವಾಗಿತ್ತು. ಈ ಒಂದು ಹೊರೆಯನ್ನಾದರೂ ಇಳಿಸಿದೆ ಎಂದುಕೊಂಡೆ.

‘ಒಂದ್ ಮಾತು ಕೇಳ್ಲೇನ್ರಿ?’ ಎಂದರು. ‘ಹಚ್ಚಿದಾಗೆಲ್ಲ ಒಂದು ಕೆಂಪು ಸಾಲು ಬರ್ತಿತ್ತು. ಇಂಗ್ಲಿಷಿನಾಗ. ಕಡೀಗೆ ಪ್ರಶ್ನೆ ಚಿಹ್ನೆ ಇರ್ತಿತ್ತು. ನಿಮಗ ಮೊದಲ ಸಲ ಕೇಳಿದ್ದೆ. ಏನ್ ಬಂದ್ರೂ ಎಂಟರ್ ಒತ್ರಿ ಅಂದಿದ್ರಿ, ಒತ್ತುತಿದ್ದೆ. ಏನ್ ಬರದಿತ್ರಿ ಅದ್ರಾಗ?’

ಆ ಕೆಂಪು ಸಾಲು ನನಗೆ ಫೆಬ್ರುವರಿಯಲ್ಲೇ ಪ್ರೋಗ್ರಾಮಿನಲ್ಲಿ ಕಣ್ಣಿಗೆ ಬಿದ್ದಿತ್ತು. ನೆನಪು ಉಳಿಸುವ ಸಾಲು ತೆಗೆದ ಮಧ್ಯಾಹ್ನವೇ, ಮರೆತರೆ ನೆನಪಿಸಲಿ ಎಂದು ನಾನೇ ಬರೆದಿಟ್ಟ ಎಚ್ಚರಿಕೆ ಅದು. ಹಚ್ಚುವವರು ಅವರಾದ್ದರಿಂದ ಅದು ಒಂದು ಸಲವೂ ನನ್ನ ಎದುರಿಗೆ ಬಂದಿರಲಿಲ್ಲ. ಅವರು ಅದನ್ನು ಕೇಳದಿರಲಿ ಎಂದು ಅಷ್ಟು ದಿನ ಹಾರೈಸಿಕೊಂಡಿದ್ದೆ. ಏನೋ ಒಂದು ಹೇಳಿ ತೇಲಿಸಬಹುದಿತ್ತು. ಆದರೆ ಅವರು ಈಗ ತಾನೆ ಪಾಠ ಕೇಳಿ ಅರ್ಥಮಾಡಿಕೊಂಡವರು, ಸುಳ್ಳನ್ನು ಹಿಡಿಯುತ್ತಿದ್ದರು.

‘ಹಳೇ ನೆನಪಿನ ಫೈಲು ಸಿಗಲಿಲ್ಲ, ಮೊದಲಿಂದ ಶುರು ಮಾಡಲೇ ಅಂತ ಬರೆದಿತ್ತು ಮಾವಾ.’

ಅವರು ಬೋರ್ಡಿನ ಮೇಲಿನ ತಾರೀಖನ್ನೊಮ್ಮೆ ನೋಡಿದರು, ಗೋಡೆಯ ಕ್ಯಾಲೆಂಡರನ್ನೊಮ್ಮೆ ನೋಡಿದರು. ಲೆಕ್ಕ ಹಾಕುತ್ತಿದ್ದರೆಂದು ಕಾಣುತ್ತದೆ.

‘ನನ್ನ ಕೇಳ್ತಿತ್ತು ಅದು,’ ಎಂದರು. ‘ಐದು ವರ್ಷ, ದಿನಾ ಮೂರ್ಮೂರು ಸಲ ನನ್ನ ಕೇಳೈತಿ ಸಮತವ್ವ. ನಾ ಹ್ಞೂಂ, ಹ್ಞೂಂ ಅನಕೋತ ಬಂದೀನಿ.’

ನಾನು ಮಾವಾ ಎಂದೆ. ಅವರು ಕೀಲಿಗಾಗಿ ಕೈ ಚಾಚಿದರು, ನಾನು ಕೊಟ್ಟೆ.